ಮೈಕಮ್ಮನ ತಂತಿ

ಬಸ್ ನಿಲ್ದಾಣದಲ್ಲಿ ಅವಳಿಗೆ ಮೈಕಮ್ಮ ಎಂದು ಹೆಸರಿಟ್ಟವರು ಕಂಡಕ್ಟರುಗಳು. ಮೊದಲ ಮಹಡಿಯ ಗಾಜಿನ ಕೋಣೆಯಲ್ಲಿ ಕೂತು ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬರುತ್ತದೆ, ಯಾವುದು ತಡ, ಯಾವುದು ಇವತ್ತು ಇಲ್ಲವೇ ಇಲ್ಲ ಎಂದು ಹೇಳುವುದು ಅವಳ ಕೆಲಸ. ಪ್ರತಿಯೊಂದನ್ನೂ ಮೂರು ಸಲ ಹೇಳಬೇಕೆಂಬುದು ಅಲ್ಲಿನ ನಿಯಮ. ಮದುವೆಯಾದ ಹೊಸತರಲ್ಲಿ ಮನೆಯಲ್ಲೂ ಹಾಗೇ ಮಾತಾಡುತ್ತಿದ್ದಳು. "ಟೀ ಆಗಿದೆ" ಎಂದು ಒಂದು ಸಲ ಹೇಳಿ ಸುಮ್ಮನಿರಲು ಅವಳ ನಾಲಿಗೆಗೆ ಬರುತ್ತಿರಲಿಲ್ಲ. ಗಂಡ ನಗುತ್ತಿದ್ದ. ಮಾವ ನಗುತ್ತಿರಲಿಲ್ಲ.

ಮಾವ ತಮ್ಮ ಕಾಲದಲ್ಲಿ ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದವರು. ಹಗ್ಗ ಕಟ್ಟಿದ ಹಲಗೆಯ ಮೇಲೆ ಕೂತು, ಯಾರದೋ ಕಚೇರಿಯ ಕಿಟಕಿಯ ಹೊರಗೆ ಇಡೀ ದಿನ ತೂಗಾಡುತ್ತಿದ್ದವರಿಗೆ ಮಾತಿನ ಅಭ್ಯಾಸವೇ ತಪ್ಪಿಹೋಗಿತ್ತು. ಕಣ್ಣಿಗೆ ಪೊರೆ ಬಂದು ಆಪರೇಷನ್ ಆದ ಮೇಲೆ ಕೆಲಸ ಬಿಟ್ಟರು. ಆದರೆ ಹಗ್ಗ, ಕುಂಚ, ಅರ್ಧ ಉಳಿದ ಡಬ್ಬಿಗಳನ್ನು ಬಿಡಲಿಲ್ಲ. ಅವೆಲ್ಲ ಅವರ ಮಂಚದ ಕೆಳಗೆ ಇದ್ದವು. ಮನೆಯಲ್ಲಿ ಏನು ಬರಿದಾಗಿ ಕಂಡರೂ ಅದಕ್ಕೊಂದು ಕೋಟ್ ಹೊಡೆದೇ ತೀರುತ್ತಿದ್ದರು: ಕಿಟಕಿಯ ಸರಳು, ಬಕೆಟ್ಟಿನ ಹಿಡಿ, ಒಮ್ಮೆ ಲಟ್ಟಣಿಗೆ. ಇಂಥವರ ಮಗನಿಗೆ ಸ್ಟೂಲಿನ ಮೇಲೆ ನಿಂತರೂ ತಲೆ ಸುತ್ತು. ಅವನು ಮುದ್ರಣಾಲಯದಲ್ಲಿ ಪುಸ್ತಕ ಬೈಂಡ್ ಮಾಡುತ್ತಿದ್ದ. ಕುರ್ಚಿಗಿಂತ ಮೇಲಕ್ಕೆ ಹೋಗಬೇಕಾದ ಕೆಲಸವಲ್ಲ.

ಮೂವರೂ ಇದ್ದದ್ದು ಸಾಲುಮನೆಗಳ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ. ಮೇಲೆ ಉದ್ದನೆಯ ತಾರಸಿ. ಅಲ್ಲಿ ನೀರಿನ ಟ್ಯಾಂಕುಗಳು, ಎಲ್ಲರ ಬಟ್ಟೆ ಒಣಗುವ ಹಗ್ಗಗಳು.

ಒಂದು ವರ್ಷ ದೊಡ್ಡ ಬಿರುಗಾಳಿ ಬಂದು ಮರಗಳು ರಸ್ತೆಗೆ ಅಡ್ಡ ಬಿದ್ದವು. ಕರೆಂಟು ಹೋಯಿತು, ಫೋನುಗಳು ಸತ್ತವು. ಬಸ್ಸುಗಳು ಎಲ್ಲೆಲ್ಲಿ ನಿಂತಿವೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆಗ ನಿಲ್ದಾಣದ ಎದುರು ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದವರು ಒಂದು ಬ್ಯಾಟರಿ, ಒಂದು ಕಪ್ಪು ಪೆಟ್ಟಿಗೆ, ಒಂದು ಸುರುಳಿ ತಂತಿ ಹೊತ್ತುಕೊಂಡು ಅವಳ ಕೋಣೆಗೆ ಬಂದರು. ಅವರು ಹವ್ಯಾಸಿ ರೇಡಿಯೋದವರು, ಅಂದರೆ ಲೈಸೆನ್ಸ್ ಪಡೆದು ಮನೆಯಿಂದಲೇ ರೇಡಿಯೋದಲ್ಲಿ ದೂರದವರ ಜೊತೆ ಮಾತಾಡುವವರು. ನಿಲ್ದಾಣದ ಚಾವಣಿ ಎತ್ತರವಾಗಿದ್ದರಿಂದ ತಂತಿಯನ್ನು ಅಲ್ಲಿಂದ ಇಳಿಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಅವರ ಗಂಟಲು ಕಟ್ಟಿತು.

"ಈ ಪಟ್ಟಿ ಓದಿಬಿಡಿ ಅಮ್ಮಾ. ನಾನು ಪಕ್ಕದಲ್ಲೇ ಇರ್ತೀನಿ" ಎಂದು ಮೈಕನ್ನು ಅವಳ ಕೈಗೆ ಕೊಟ್ಟರು.

ಮುಚ್ಚಿಹೋದ ರಸ್ತೆಗಳ ಪಟ್ಟಿ. ಅವಳು ಓದಿದಳು, ಅಭ್ಯಾಸದಂತೆ ಮೂರು ಸಲ. ಮೈಕಿನ ಗುಂಡಿಯಿಂದ ಬೆರಳು ತೆಗೆದ ಕೂಡಲೇ ಪೆಟ್ಟಿಗೆಯೊಳಗಿನಿಂದ ಒಬ್ಬ ಗಂಡಸು, "ನಿಮ್ಮ ಧ್ವನಿ ಚೆನ್ನಾಗಿ ಕೇಳಿಸ್ತಿದೆ. ಸೇತುವೆ ವಿಷಯ ಇನ್ನೊಮ್ಮೆ ಹೇಳ್ತೀರಾ?" ಎಂದ.

ಅವಳು ಕೆಲಸಕ್ಕೆ ಸೇರಿದ ಮೇಲೆ ಮೈಕಿನ ಆ ತುದಿಯಿಂದ ಯಾರೂ ಅವಳೊಂದಿಗೆ ಒಂದು ಮಾತೂ ಆಡಿರಲಿಲ್ಲ. ಉತ್ತರ ಹೇಳಿದಳು. ಆಮೇಲೆ ಸಂಜೆಯವರೆಗೂ ಆ ಕುರ್ಚಿ ಬಿಟ್ಟು ಏಳಲಿಲ್ಲ.

ಲೈನುಗಳೆಲ್ಲ ಸರಿಹೋದ ಮೇಲೂ ಆಕೆಯ ತಲೆಯಿಂದ ಆ ಪೆಟ್ಟಿಗೆ ಇಳಿಯಲಿಲ್ಲ. ಗಡಿಯಾರದವರ ಅಂಗಡಿಯಲ್ಲೇ ಕೂತು ಪಾಠ ಹೇಳಿಸಿಕೊಂಡಳು. ಲೈಸೆನ್ಸಿನ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದಳು. ವಿದ್ಯುತ್ತಿನ ಲೆಕ್ಕಗಳು ಅವಳಿಗೆ ಕಬ್ಬಿಣದ ಕಡಲೆ. ಎರಡನೇ ಸಲ ಹೇಗೋ ದಾಟಿಕೊಂಡಳು. ಅಷ್ಟರಲ್ಲಿ ನಿಲ್ದಾಣಕ್ಕೆ ಒಂದು ಯಂತ್ರ ಬಂದಿತ್ತು. ಎಲ್ಲೋ ಧ್ವನಿ ಮುದ್ರಿಸಿಕೊಂಡು ಬಂದ ಹೆಣ್ಣೊಬ್ಬಳು ಈಗ ಬಸ್ಸುಗಳ ಹೆಸರು ಹೇಳತೊಡಗಿದಳು. ಮೈಕಮ್ಮನನ್ನು ಕೆಳಗೆ ವಿಚಾರಣೆ ಕೌಂಟರಿಗೆ ಹಾಕಿದರು. ಅವಳು ಅದಕ್ಕಾಗಿ ಅತ್ತದ್ದನ್ನು ಯಾರೂ ನೋಡಲಿಲ್ಲ. ಕಂಡಕ್ಟರುಗಳು ಮಾತ್ರ ಹೆಸರು ಬದಲಿಸಲಿಲ್ಲ.

ಗಡಿಯಾರದವರು ತಮ್ಮ ಹಳೆಯ ರೇಡಿಯೋ ಸೆಟ್ಟೊಂದನ್ನು ಅವಳಿಗೆ ಕೊಟ್ಟರು. "ಸೆಟ್ಟು ಯಾರು ಬೇಕಾದ್ರೂ ಕೊಡಬಹುದು. ಆಂಟೆನಾ ಮಾತ್ರ ನೀವೇ ಕಟ್ಕೋಬೇಕು. ಆಗಲೇ ಗೊತ್ತಾಗೋದು" ಎಂದರು.

"ಏನು ಗೊತ್ತಾಗೋದು?"

"ಎಷ್ಟು ಸಲ ತಾರಸಿ ಹತ್ತಿ ಇಳೀಬೇಕು ಅಂತ."

ಅವಳಿಗೆ ಮೂರು ಬ್ಯಾಂಡುಗಳಲ್ಲಿ, ಅಂದರೆ ರೇಡಿಯೋದ ಮೂರು ಬೇರೆ ಬೇರೆ ಅಲೆಯುದ್ದಗಳಲ್ಲಿ, ಮಾತಾಡಬೇಕಿತ್ತು. ನಲವತ್ತು ಮೀಟರಿನದು ಬೆಳಗಿನ ಹೊತ್ತು ಹತ್ತಿರದವರ ಜೊತೆ, ಇಪ್ಪತ್ತರದು ಹಗಲು ದೂರದವರ ಜೊತೆ, ಹತ್ತರದು ಸೂರ್ಯನಿಗೆ ಮನಸ್ಸಿದ್ದ ದಿನ ಇನ್ನೂ ದೂರದವರ ಜೊತೆ. ಒಂದೊಂದು ಬ್ಯಾಂಡಿಗೆ ಒಂದೊಂದು ಉದ್ದದ ತಂತಿ ಬೇಕು, ನಲವತ್ತಕ್ಕೆ ಎಲ್ಲಕ್ಕಿಂತ ಉದ್ದದ್ದು, ಹತ್ತಕ್ಕೆ ಎಲ್ಲಕ್ಕಿಂತ ಗಿಡ್ಡದ್ದು. ಮೂರಕ್ಕೂ ಮೂರು ಕಂಬ ನೆಡಬೇಕಾಗಿಲ್ಲ. ನಡುವೆ ಒಂದು ಹಲಗೆ ಇಟ್ಟು, ಅದರ ಎರಡೂ ಕಡೆಗೆ ರೆಕ್ಕೆಯ ಹಾಗೆ ಮೂರು ಮೂರು ತಂತಿ ಎಳೆದು, ಒಂದೇ ಕೇಬಲ್ಲನ್ನು ಹಲಗೆಯಿಂದ ಸೆಟ್ಟಿಗೆ ಇಳಿಸಿದರೆ ಸಾಕು. ಯಾವ ಬ್ಯಾಂಡಿನಲ್ಲಿ ಮಾತಾಡುತ್ತೇವೋ ಆ ಉದ್ದದ ತಂತಿ ಕೆಲಸಕ್ಕೆ ಏಳುತ್ತದೆ, ಉಳಿದವು ಸುಮ್ಮನಿರುತ್ತವೆ. ಗಡಿಯಾರದವರು ಹೇಳುವಾಗ ಇದು ತೀರಾ ಸುಲಭವಾಗಿತ್ತು.

"ಒಂದು ಮಾತು ನೆನಪಿಡಿ, ಉದ್ದ ಬಿಟ್ಟೇ ಕತ್ತರಿಸಿ. ಉದ್ದ ಆದ್ರೆ ಕತ್ತರಿಸಬಹುದು, ಗಿಡ್ಡ ಆದ್ರೆ ನನ್ನ ಹತ್ರ ಬರ್ತೀರಿ."

ಮನೆಗೆ ವೈರಿಂಗ್ ಮಾಡುವ ತಾಮ್ರದ ತಂತಿಯ ಸುರುಳಿ ಬಂತು. ನಡುವಿನ ಹಲಗೆಗೆ ಏನು ಮಾಡುವುದೆಂದು ಯೋಚಿಸಿ, ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆಯನ್ನು ಗರಗಸದಲ್ಲಿ ಅರ್ಧ ಮಾಡಿದಳು. ಅಂದು ಗಂಡ ಅಡುಗೆಮನೆಯೆಲ್ಲ ಜಾಲಾಡಿ, "ರಾತ್ರಿ ಈರುಳ್ಳಿ ಯಾವುದರ ಮೇಲೆ ಹೆಚ್ಚೋದು?" ಎಂದು ಕೇಳಿದ.

"ಉಳಿದ ಅರ್ಧ ಇದೆಯಲ್ಲ ರೀ."

"ಈರುಳ್ಳೀನೂ ಅರ್ಧ ಸಾಕಾ ಹಾಗಾದ್ರೆ?"

ಮಾವ ಎಲ್ಲವನ್ನೂ ಮಂಚದ ಮೇಲಿಂದ ನೋಡುತ್ತಿದ್ದರು. ತಂತಿಗಳ ನಡುವೆ ಅಂತರ ಇಡಲು ಅವಳು ನೀರಿನ ಪೈಪಿನ ತುಂಡುಗಳಿಗೆ ತೂತು ಕೊರೆಯುತ್ತಿದ್ದಾಗ ಎದ್ದು ಬಂದು ಪೈಪನ್ನು ಕಾಲಿನಡಿ ಒತ್ತಿ ಹಿಡಿದುಕೊಂಡರು. ಮರುದಿನ ಮಂಚದ ಕೆಳಗಿನಿಂದ ಹಗ್ಗ ಎಳೆದು ತಂದರು. ಅದರ ಮರುದಿನ ಅವರ ಹಳೆಯ ಕೆಲಸಗಾರನೊಬ್ಬ ಉದ್ದನೆಯ ಬಿದಿರೊಂದನ್ನು ತಂದು ತಾರಸಿಯಲ್ಲಿ ಇಳಿಸಿ ಹೋದ. ಯಾರು ಹೇಳಿದ್ದು ಎಂದು ಅವಳು ಕೇಳಿದ್ದಕ್ಕೆ ಮಾವ, "ಕಂಬ ಬೇಡ್ವಾ?" ಎಂದರು ಅಷ್ಟೆ.

ತಂತಿಗಳನ್ನು ಅಳೆದು, ತುದಿಯ ಪ್ಲಾಸ್ಟಿಕ್ ಸುಲಿದು, ತಾಮ್ರವನ್ನು ಉಜ್ಜಿ ಹೊಳಪು ಬರಿಸಿ, ಬೋಲ್ಟಿಗೆ ಸಿಕ್ಕಿಸಲು ಕೊಕ್ಕೆಯಂತೆ ಬಾಗಿಸಿ, ಒಂದು ಭಾನುವಾರ ಸಂಜೆ ತಾರಸಿಯಲ್ಲಿ ಸಾಲಾಗಿ ಹಾಸಿಟ್ಟಳು. ಬೆಳಗಾದ ಮೇಲೆ ಅವಳು ಬೋಲ್ಟು ಬಿಗಿದಳು. ಮಾವ ಬಿದಿರನ್ನು ಟ್ಯಾಂಕಿನ ಪಕ್ಕಕ್ಕೆ ಕಟ್ಟಿ, ಹಗ್ಗ ಎಳೆದು ಹಲಗೆಯನ್ನು ಮೇಲೇರಿಸಿದರು. ಎರಡೂ ಕಡೆ ರೆಕ್ಕೆಗಳು ಇಳಿಜಾರಾಗಿ ತಾರಸಿಯ ಮೂಲೆಗಳಿಗೆ ಬಂದವು. ನೋಡಲು ಏನೂ ಕುಂದಿರಲಿಲ್ಲ.

ಕೇಬಲ್ಲಿಗೆ ಒಂದು ಸಣ್ಣ ಮೀಟರು ಸೇರಿಸಿದ್ದಳು. ಕಳಿಸಿದ ಶಕ್ತಿಯಲ್ಲಿ ಎಷ್ಟು ಒಳಗೆ ಹೋಗದೆ ಹಿಂದಕ್ಕೆ ಬರುತ್ತದೆ ಎಂದು ಅದು ತೋರಿಸುತ್ತದೆ. ಮುಳ್ಳು ಎಡಕ್ಕೆ ಮಲಗಿದ್ದರೆ ಒಳ್ಳೆಯದು. ಅವಳ ಮುಳ್ಳು ಬಲಕ್ಕೆ ಎದ್ದು ನಿಂತಿತು. ಗಾಳಿ ಬೀಸಿದಾಗ ಒಮ್ಮೆ ಎಡಕ್ಕೆ ಬಂತು, ಮತ್ತೆ ಎದ್ದಿತು. ತಂತಿ ಉದ್ದವಾಗಿದೆ ಎಂದುಕೊಂಡು ಇಳಿಸಿ ಒಂದು ಗೇಣು ಕತ್ತರಿಸಿದಳು. ಏರಿಸಿದಳು. ಮುಳ್ಳು ಹಾಗೇ. ಇನ್ನೊಂದು ಗೇಣು. ಆ ವಾರವೆಲ್ಲ ಕೆಲಸದಿಂದ ಬಂದು ಬ್ಯಾಗು ಎಸೆದು ತಾರಸಿಗೆ ಓಡುವುದು, ಇಳಿಸುವುದು, ಕತ್ತರಿಸುವುದು, ಏರಿಸುವುದು ಇದೇ ಆಯಿತು. ಮಾವ ಹಗ್ಗ ಹಿಡಿದು ನಿಂತೇ ಇರುತ್ತಿದ್ದರು. ಸೆಟ್ಟಿನಲ್ಲಿ ಬೇರೆಯವರು ಮಾತಾಡುವುದು ಇವಳಿಗೆ ಕೇಳುತ್ತಿತ್ತು. ಇವಳು ಕರೆದರೆ ಅವರಿಗೆ ಕೇಳುತ್ತಿರಲಿಲ್ಲ. ಅವರು ತಮ್ಮ ಪಾಡಿಗೆ ಮೊಣಕಾಲು ನೋವಿನ ವಿಷಯ ಮಾತಾಡಿಕೊಂಡು ಹೋಗುತ್ತಿದ್ದರು.

ಕೊನೆಗೆ ಗಡಿಯಾರದವರನ್ನು ಕರೆಸಿದಳು. ಅವರು ಮೆಟ್ಟಿಲು ಹತ್ತಿದ ಸುಸ್ತಿಗೆ ಸ್ವಲ್ಪ ಹೊತ್ತು ಟ್ಯಾಂಕಿಗೆ ಒರಗಿ ಕೂತರು. ಆಮೇಲೆ ಬೋಲ್ಟು ಬಿಚ್ಚಿ, ಅಂಗಡಿಯಲ್ಲಿ ಗಡಿಯಾರ ನೋಡುವ ಕಣ್ಣಿನ ಮಸೂರವನ್ನೇ ಸಿಕ್ಕಿಸಿಕೊಂಡು, ತಂತಿಯ ತುದಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಉಗುರಿನಿಂದ ಕೆರೆದರು. ತೆಳ್ಳಗಿನ ಪೊರೆಯೊಂದು ಸುಲಿದು ಬಂತು.

"ಅಮ್ಮಾ, ಇದಕ್ಕೆ ವಾರ್ನಿಷ್ ಹೊಡೆದೋರು ಯಾರು? ಇದನ್ನ ದಾಟಿ ಕರೆಂಟು ಹೇಗೆ ಹೋಗುತ್ತೆ?"

ಅವಳಿಗೆ ಯಾರೆಂದು ಕೇಳಬೇಕಾಗಿರಲಿಲ್ಲ. ಮೆಟ್ಟಿಲಿಳಿದು ಹೋದಳು. ಮಾವ ಕಿಟಕಿಯ ಹತ್ತಿರ ಕೂತಿದ್ದರು.

"ಮಾವ, ತಂತಿಗೆ ವಾರ್ನಿಷ್ ಹೊಡೆದ್ರಾ?"

"ಹ್ಞೂಂ. ಎರಡು ಕೋಟು. ಬಯಲಲ್ಲಿ ಇರೋ ತಾಮ್ರ, ಕಿಲುಬು ಹಿಡಿಯುತ್ತೆ."

"ನನ್ನ ಒಂದು ಮಾತು ಕೇಳೋಕಾಗ್ಲಿಲ್ವಾ? ವಾರ ಪೂರ್ತಿ ಕತ್ತರಿಸಿ ಕತ್ತರಿಸಿ ಇಟ್ಟಿದ್ದೀನಿ! ಒಳ್ಳೇ ತಂತಿ ಎಲ್ಲಾ ಹಾಳಾಯ್ತು! ಯಾರು ಹೇಳಿದ್ರು ನಿಮಗೆ? ಯಾರು ಹೇಳಿದ್ರು?"

ಅವಳ ಗಂಟಲಿಗೆ ಇಡೀ ಬಸ್ ನಿಲ್ದಾಣಕ್ಕೆ ಕೇಳಿಸುವ ಅಭ್ಯಾಸ. ಕೆಳಗಿನ ಎರಡು ಮಹಡಿಗಳಲ್ಲೂ ಪಾತ್ರೆ ತೊಳೆಯುವ ಸದ್ದು ನಿಂತಿತು. ಮಾವ ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಜೋರಾಗಿ ಹಾಕಿಕೊಂಡಿದ್ದರೆ ಅವಳಿಗೆ ವಾಸಿಯೆನಿಸುತ್ತಿತ್ತು.

ಗಡಿಯಾರದವರು ಹೋಗುವಾಗ ಹೇಳಿದರು: "ಕತ್ತರಿಸಿದ್ದಕ್ಕೆ ತುಂಡು ಬೆಸುಗೆ ಹಾಕಿ ಸೇರಿಸಿ, ನಡೆಯುತ್ತೆ. ತುದಿ ಕೆರೆದು ಬಿಗೀರಿ. ಬಿಗಿದಾದ ಮೇಲೆ ಮಳೆ ನೀರು ಒಳಗೆ ಇಳೀದ ಹಾಗೆ ಮೇಲಿಂದ ವಾರ್ನಿಷ್ ಹೊಡೀಬೇಕು. ಅವರು ಮಾಡಿದ್ದು ಬೇಕಾದ ಕೆಲಸವೇ. ಒಂದು ದಿನ ಮುಂಚೆ ಮಾಡಿದ್ರು."

ಈ ಮಾತನ್ನು ಅವಳು ಅಂದು ಸಂಜೆಯೇ ಮಾವನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಅವಳಿಗೂ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಮಾವ ಊಟಕ್ಕೆ ಎಲ್ಲರ ಜೊತೆ ಕೂರುವುದನ್ನು ಬಿಟ್ಟರು. ನಡುವೆ ಸಿಕ್ಕಿಬಿದ್ದವನು ಗಂಡ.

"ಅಪ್ಪ, ಅವಳೇನೋ ಸಿಟ್ಟಲ್ಲಿ ಅಂದ್ಲು, ಬಿಡು."

"ನಾನು ಏನಾದ್ರೂ ಅಂದ್ನಾ?"

"ಅದೇ, ಏನೂ ಅನ್ನಲ್ಲ ನೀನು."

"ಮತ್ತೆ?"

ಅಲ್ಲಿಗೆ ಸಂಧಾನ ಮುಗಿಯಿತು.

ಅವಳು ತುಂಡುಗಳನ್ನು ಬೆಸೆದಳು, ತುದಿಗಳನ್ನು ಕೆರೆದಳು, ಬೋಲ್ಟು ಬಿಗಿದಳು. ಏರಿಸಲು ಮಾವನನ್ನು ಕರೆಯಲು ಬಾಯಿ ಬರಲಿಲ್ಲ, ಗಂಡನನ್ನು ಕರೆದಳು. ಅವನು ತಾರಸಿಯ ಅಂಚಿನ ಕಡೆ ನೋಡದೆ, ನೆಲ ನೋಡಿಕೊಂಡೇ ನಡೆದು ಬಂದು, ಟ್ಯಾಂಕಿಗೆ ಬಿದಿರು ಕಟ್ಟಿದ. ಪುಸ್ತಕ ಹೊಲಿಯುವುದರಲ್ಲಿ ಎತ್ತಿದ ಕೈ. ಬಿದಿರಿಗೂ ಅದೇ ಗಂಟು ಹಾಕಿದ. ಮರುದಿನ ಮಧ್ಯಾಹ್ನ ಗಾಳಿಗೆ ಬಿದಿರು ಮೆಲ್ಲಗೆ ವಾಲಿ, ಎರಡನೇ ಮಹಡಿಯ ನರ್ಸಮ್ಮ ತಾರಸಿಯಲ್ಲಿ ಒಣಹಾಕಿದ್ದ ಬಟ್ಟೆಗಳ ಮೇಲೆ ಮಲಗಿತು. ಯಾರಿಗೂ ಪೆಟ್ಟಾಗಲಿಲ್ಲ. ನರ್ಸಮ್ಮ ಆಸ್ಪತ್ರೆಯ ಬಿಳಿ ಕೋಟನ್ನು ತಂತಿಯಿಂದ ಬಿಡಿಸಿಕೊಂಡು ನೇರವಾಗಿ ಮಾವನ ಬಾಗಿಲಿಗೆ ಬಂದರು.

"ಏನಣ್ಣಾ, ಇಷ್ಟು ವರ್ಷ ಹಗ್ಗದಲ್ಲೇ ನೇತಾಡಿದವರು ನೀವು. ಇಂಥಾ ಗಂಟು ಹಾಕೋದಾ? ನನ್ನ ಶೂ ಲೇಸು ಇದಕ್ಕಿಂತ ಗಟ್ಟಿ ಇರುತ್ತೆ."

"ನಾನು ಹಾಕಿದ್ದಲ್ಲ" ಎಂದರು ಮಾವ.

"ಯಾರು ಹಾಕಿದ್ರೇನು, ಕಟ್ಟಡದಲ್ಲೆಲ್ಲಾ ನಿಮ್ಮ ಹೆಸರೇ ಹೇಳ್ತಿದ್ದಾರೆ."

ಮೈಕಮ್ಮ ಕೆಲಸದಿಂದ ಬರುವ ಹೊತ್ತಿಗೆ ಮಾವ ತಾರಸಿಯಲ್ಲಿದ್ದರು. ಬಿದಿರು ಮತ್ತೆ ನೆಟ್ಟಗೆ ನಿಂತಿತ್ತು. ಬುಡದ ಹಗ್ಗವನ್ನು ಅವರು ಕಣ್ಣಿನ ಹತ್ತಿರ ತಂದುಕೊಂಡು, ಬೆರಳಲ್ಲಿ ತಡವಿ ತಡವಿ ಕೊನೆಯ ಸುತ್ತು ಹಾಕುತ್ತಿದ್ದರು. ಅವಳು ಬಂದದ್ದು ಗೊತ್ತಾದರೂ ತಿರುಗಿ ನೋಡಲಿಲ್ಲ.

"ಮಾವ, ಅವತ್ತು ನಾನು ಹಾಗೆ ಕೂಗಬಾರದಿತ್ತು."

ಅವರು ಹಗ್ಗ ಜಗ್ಗಿ ನೋಡಿದರು. "ಕೂಗಿದ್ದು ಸರಿ. ಕೆಲಸ ಕೆಟ್ಟರೆ ಮೇಸ್ತ್ರಿ ಕೂಗ್ತಾನೆ. ಆದರೆ ಮೇಸ್ತ್ರಿ ಕೆಳಗಿಂದ ಕೂಗೋದು, ಅದು ಮೇಲಿರೋನಿಗೆ ಮಾತ್ರ ಕೇಳ್ಸುತ್ತೆ. ನಿಂದು ಎಲ್ಲರಿಗೂ ಕೇಳಿಸ್ತು."

"ಬಿಗಿದಿರೋ ಕಡೆ ಈಗ ವಾರ್ನಿಷ್ ಹೊಡೀಬೇಕಂತೆ. ಗಡಿಯಾರದವರು ಹೇಳಿದ್ರು."

"ಈಗ್ಲಾ?"

"ಈಗ. ಮೀಟರು ನೋಡಾದ ಮೇಲೆ."

"ನೋಡು ಮೊದಲು. ನೀನು ಹೇಳೋವರೆಗೂ ಡಬ್ಬಿ ಮುಚ್ಚಳ ತೆಗೆಯಲ್ಲ."

ಮೀಟರು ಈ ಸಲ ಗಾಳಿಗೆ ಅಲುಗಲಿಲ್ಲ. ಉದ್ದದ ತಂತಿಯನ್ನು ಮೊದಲು ಸರಿ ಮಾಡಿಕೊಂಡಳು, ಆಮೇಲೆ ನಡುವಿನದು. ಗಿಡ್ಡದ್ದನ್ನು ಮುಟ್ಟಿದರೆ ಉದ್ದದ್ದು ಮುನಿಸಿಕೊಳ್ಳುತ್ತಿತ್ತು, ಅದನ್ನು ಸಮಾಧಾನ ಮಾಡಿದರೆ ಇದು. ಎರಡು ಸಂಜೆ ಇಳಿಸಿ ಏರಿಸಿ, ಬೆರಳಗಲದಷ್ಟು ಮಾತ್ರ ಕತ್ತರಿಸುತ್ತಾ ಹೋದಳು. ಕೊನೆಗೆ ನಲವತ್ತರಲ್ಲಿ, ಇಪ್ಪತ್ತರಲ್ಲಿ ಮುಳ್ಳು ಎಡಕ್ಕೆ ಮಲಗಿತು. ಹತ್ತರಲ್ಲಿ ಅರ್ಧ ಎದ್ದೇ ಇತ್ತು. "ಸಾಕು, ಇನ್ನು ಕೈ ಹಾಕಬೇಡಿ" ಎಂದರು ಗಡಿಯಾರದವರು. ಮಾವ ಡಬ್ಬಿ ತೆರೆದರು. ಎರಡು ಕೋಟು.

ಮೊದಲ ಉತ್ತರ ಬಂದದ್ದು ನಲವತ್ತರಲ್ಲಿ, ಕೆಲಸಕ್ಕೆ ಹೋಗುವ ಮುಂಚಿನ ಹೊತ್ತಿನಲ್ಲಿ. ಸೆಟ್ಟು ಅಡುಗೆಮನೆಯ ಶೆಲ್ಫಿನಲ್ಲಿತ್ತು. ಯಾರಾದರೂ ಕೇಳುತ್ತಿದ್ದೀರಾ ಎಂದು ಲೈಸೆನ್ಸಿನ ಜೊತೆ ಸಿಕ್ಕಿದ ತನ್ನ ಕರೆಸಂಕೇತ ಹೇಳಿ ಕರೆದಳು. ಒಬ್ಬರು ಉತ್ತರಿಸಿದರು. ಅವರು ಎಲ್ಲೋ ಬೇಕರಿ ನಡೆಸುವವರಂತೆ. ಮೊದಲ ತಟ್ಟೆಗಳು ಒಲೆಯಿಂದ ಬರುವವರೆಗೆ ಅವರಿಗೆ ಬಿಡುವು.

"ನನ್ನ ಧ್ವನಿ ಹೇಗೆ ಕೇಳುತ್ತಿದೆ. ನನ್ನ ಧ್ವನಿ ಹೇಗೆ ಕೇಳುತ್ತಿದೆ. ನನ್ನ ಧ್ವನಿ ಹೇಗೆ ಕೇಳುತ್ತಿದೆ" ಎಂದಳು ಅವಳು.

"ಚೆನ್ನಾಗಿ ಕೇಳ್ತಿದೆ ಅಮ್ಮಾ. ಆದರೆ ನಿಮ್ಮ ಸೆಟ್ಟಲ್ಲೇನೋ ಪ್ರತಿಧ್ವನಿ ಬರ್ತಿದೆ ನೋಡಿ. ಎಲ್ಲಾ ಮೂರು ಮೂರು ಸಲ ಕೇಳ್ತಿದೆ."

ಗಂಡ ಹಲ್ಲುಜ್ಜುತ್ತಿದ್ದವನು ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದ.

ಬೇಕರಿಯವರು ಅವಳ ಆಂಟೆನಾದ ಬಗ್ಗೆ ಕೇಳಿದರು. ಅವಳು ಪ್ರಕಟಣೆಯ ಹಾಗೆ ಉದ್ದಗಳನ್ನೆಲ್ಲ ಒಪ್ಪಿಸಿದಳು. ನಿಮ್ಮಲ್ಲಿ ಹವೆ ಹೇಗಿದೆ ಎಂದರು. ಹೇಳಿದಳು. ಆಮೇಲೆ ಗುಂಡಿ ಬಿಟ್ಟಳು. ಅವಳ ಹತ್ತಿರ ಇನ್ನೇನೂ ಇರಲಿಲ್ಲ. "ನೀವೂ ಏನಾದ್ರೂ ಕೇಳಿ ಅಮ್ಮಾ" ಎಂದರು ಅವರು. ಇಷ್ಟು ವರ್ಷ ಮೈಕಿನ ಮುಂದೆ ಕೂತವಳಿಗೆ ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಒಲೆ ಬಿಸಿಯಾಗಿದೆಯೇ ಎಂದು ಕೇಳಿದಳು. ಅವರು ಒಲೆಯ ವಿಷಯವನ್ನು ಬಹಳ ಹೊತ್ತು ಹೇಳಿದರು. ಅವಳು ಕೇಳಿಸಿಕೊಂಡಳು, ಅಂದು ಕೆಲಸಕ್ಕೆ ಹೊರಡುವುದು ತಡವಾಯಿತು.

ಮೂರು ಸಲ ಹೇಳುವ ಚಾಳಿ ಎರಡಕ್ಕೆ ಇಳಿದು, ಒಂದಕ್ಕೆ ಬರಲು ಒಂದು ಚಳಿಗಾಲ ಹಿಡಿಯಿತು. ಬೆಳಗಿನ ಗುಂಪಿನಲ್ಲಿ ಬೇಕರಿಯವರ ಜೊತೆ ಇನ್ನೂ ನಾಲ್ಕೈದು ಜನ ಸೇರಿಕೊಂಡರು. ಅವರಲ್ಲಿ ಮೊಣಕಾಲು ನೋವಿನವರೂ ಇದ್ದರು. ಮಾವ ಗೋಡೆಗೆ ಒರಗಿ ಕೂತು ಎಲ್ಲವನ್ನೂ ಕೇಳುತ್ತಿದ್ದರು. ಅವರನ್ನು ಮೈಕಿನ ಹತ್ತಿರ ಕರೆದರೆ ಬರುತ್ತಿರಲಿಲ್ಲ, ಸೆಟ್ಟು ಆರಿಸಿದ ಮೇಲೆ ಮಾತ್ರ ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಹೇಳುತ್ತಿದ್ದರು. ಬಹುಪಾಲು ಸರಿಯಾಗಿರುತ್ತಿತ್ತು.

ಕೆಲವು ವರ್ಷಗಳ ಮೇಲೆ ಕಟ್ಟಡದ ಮಾಲೀಕರು ತಾರಸಿಯ ಒಂದು ಬದಿಗೆ ಕೋಣೆ ಕಟ್ಟಿಸಿದರು. ಉದ್ದದ ರೆಕ್ಕೆ ಅದರ ಗೋಡೆಗೆ ತಗಲುತ್ತಿದ್ದರಿಂದ, ತುದಿಯನ್ನು ಕೆಳಕ್ಕೆ ಬಾಗಿಸಿ ಕಟ್ಟಬೇಕಾಯಿತು. ಮಾವ ಆ ಹೊತ್ತಿಗೆ ಮೆಟ್ಟಿಲು ಹತ್ತುತ್ತಿರಲಿಲ್ಲ. ಗಂಡ ತಾನು ಮೇಲೆ ಕಟ್ಟಿದಂಥದೇ ಗಂಟನ್ನು ಹಗ್ಗದ ತುಂಡೊಂದಕ್ಕೆ ಹಾಕಿ, ಕೆಳಗೆ ತಂದು ಅವರ ಕೈಗೆ ಕೊಟ್ಟ. ಅವರು ತಡವಿ ನೋಡಿ, ಬಿಚ್ಚಿ, ಇನ್ನೊಂದು ಹಾಕಿ ತೋರಿಸಿದರು. ನಲವತ್ತು ಮೊದಲಿನಂತೆಯೇ ನಡೆಯಿತು, ಇಪ್ಪತ್ತೂ ಹೆಚ್ಚುಕಡಿಮೆ ನಡೆಯಿತು. ಹತ್ತು ಮೊದಲೇ ಸರಿ ಇರಲಿಲ್ಲ, ಈಗ ಪೂರ್ತಿ ಮೂಕವಾಯಿತು.

"ಆ ಗಿಡ್ಡ ತಂತಿ ತೆಗೆದುಬಿಡು, ಸುಮ್ನೆ ಯಾಕೆ ನೇತಾಡಬೇಕು?" ಎಂದ ಗಂಡ.

"ಇರ್ಲಿ ಬಿಡಿ ರೀ. ತೆಗೆದರೆ ಉಳಿದೆರಡಕ್ಕೂ ಮತ್ತೆ ಅಳತೆ ಹಿಡೀಬೇಕು."

ಮುದ್ರಣಾಲಯಕ್ಕೆ ರಜೆಯಿದ್ದ ಒಂದು ದಿನ ಅವಳು ಕೌಂಟರಿನಲ್ಲಿದ್ದಾಗ, ಗಂಡ ಶೆಲ್ಫಿನ ಮೇಲ್ತಟ್ಟಿನ ಧೂಳು ಒರೆಸಲು ಹೆದರುತ್ತಲೇ ಸ್ಟೂಲು ಹತ್ತುವಾಗ, ಆರಿಸಲು ಮರೆತಿದ್ದ ಸೆಟ್ಟಿನ ಗುಂಡಿಗೆ ಕೈ ತಗಲಿ ಅದು ಹತ್ತರ ಬ್ಯಾಂಡಿಗೆ ತಿರುಗಿತು. ಗರಗರದ ನಡುವಿನಿಂದ ಒಬ್ಬ ಹೆಂಗಸಿನ ಧ್ವನಿ ಬಂತು. ಭಾಷೆ ಅವನಿಗೆ ತಿಳಿಯಲಿಲ್ಲ. ಒಣಬಟ್ಟೆ ಕೈಯಲ್ಲಿ ಹಿಡಿದೇ ಸ್ಟೂಲಿನ ಮೇಲೆ ನಿಂತು ಅವಳ ಮಾತು ಮುಳುಗಿಹೋಗುವವರೆಗೂ ಕೇಳಿದ. ಆಮೇಲೆ ತಾನು ಸ್ಟೂಲಿನ ಮೇಲಿದ್ದೇನೆಂದು ಗೊತ್ತಾಗಿ, ಶೆಲ್ಫು ಹಿಡಿದುಕೊಂಡು ಇಳಿದ.

ಸಂಜೆ ಹೆಂಡತಿ ಬಂದಾಗ ಬಾಗಿಲಲ್ಲೇ ಹೇಳಿದ. ಅವಳು ಚಪ್ಪಲಿ ಬಿಡುತ್ತಾ, "ಹತ್ತರಲ್ಲಾ? ಸಾಧ್ಯಾನೇ ಇಲ್ಲ. ಅದು ಸತ್ತುಹೋಗಿದೆ" ಎಂದಳು.

"ಅಪ್ಪನ್ನ ಕೇಳು ಬೇಕಾದ್ರೆ."

ಮಾವ ಗೋಡೆಗೆ ಒರಗಿದಲ್ಲಿಂದಲೇ, "ಬಂತು" ಎಂದರು. "ಏನು ಹೇಳಿದಳೋ ಗೊತ್ತಾಗಲಿಲ್ಲ. ಆದ್ರೆ ನಿಜಾನೇ ಹೇಳ್ತಿದ್ಲು."

ಮೈಕಮ್ಮ ಸೆಟ್ಟಿನ ಮುಂದೆ ಕೂತು ಬಹಳ ಹೊತ್ತು ಹುಡುಕಿದಳು. ಬರೀ ಗರಗರ. ಗಂಡ ಟೀ ತಂದಿಟ್ಟು ಪಕ್ಕದಲ್ಲೇ ಕೂತ. ಮರುವಾರ ಅವನು ಮುದ್ರಣಾಲಯದಿಂದ ಬರುವಾಗ ಗಡಿಯಾರದವರ ಅಂಗಡಿಗೆ ಹೋಗಿ, ರೇಡಿಯೋ ಲೈಸೆನ್ಸಿನ ಪರೀಕ್ಷೆಗೆ ಯಾವ ಪುಸ್ತಕ ಓದಬೇಕು ಎಂದು ಕೇಳಿದ. ಅವರು ಕೊಟ್ಟ ಪುಸ್ತಕದ ಹೊಲಿಗೆ ಬಿಚ್ಚಿ ಹಾಳೆಗಳು ಕಳಚಿ ಬರುತ್ತಿದ್ದವು. ಅವನು ಮೊದಲು ಅದಕ್ಕೊಂದು ಹೊಸ ಬೈಂಡ್ ಹಾಕಿಕೊಂಡೇ ಓದಲು ಕೂತ.